ಫಾರ್ಮ್ಯಾಟ್ ಹೊಡೆಯುವ ಕೈಯನ್ನು ತಡೆದ ಪರೀಕ್ಷೆ

ದಾವಣಗೆರೆಯ ಕಂಪ್ಯೂಟರ್ ರಿಪೇರಿ ಅಂಗಡಿಗಳಲ್ಲಿ ಬಹುಪಾಲು ಕಾಯಿಲೆಗಳಿಗೆ ಒಂದೇ ಔಷಧ, ಅದು ಫಾರ್ಮ್ಯಾಟ್, ಅಂದರೆ ಡಿಸ್ಕ್ ಅಳಿಸಿ ವಿಂಡೋಸನ್ನು ಹೊಸದಾಗಿ ಹಾಕುವುದು. ಯಂತ್ರ ನಿಧಾನವಾಗಿರಲಿ, ಪ್ರಿಂಟರ್ ಮಾತು ಕೇಳದಿರಲಿ, ವೈರಸ್ ಹೊಕ್ಕಿರಲಿ, ಎಷ್ಟೋ ಸಲ ಗಿರಾಕಿಯೇ ಮೊದಲಾಗಿ ‘ವಿಂಡೋಸ್ ಹೊಡ್ದು ಕೊಡ್ರಿ’ ಎಂದುಬಿಡುತ್ತಾನೆ. ಬಿ.ಕಾಂ. ಮುಗಿಸಿದ ಮೇಲೆ ಅಂಥದೊಂದು ಅಂಗಡಿಯಲ್ಲಿ ನಾಲ್ಕು ವರ್ಷ ದುಡಿದ ನಾನು ಈ ವಿದ್ಯೆಯಲ್ಲಿ ಸಾಕಷ್ಟು ಪಳಗಿದ್ದೆ. ‘ಹುಡುಗ್ರು ಯಾರೂ ಇಲ್ಲೇನವ್ವಾ?’ ಎಂದು ಕೇಳುತ್ತ ಒಳಗೆ ಬಂದವರು ಕೂಡ ಒಂದು ಗಂಟೆಯ ನಂತರ ತೃಪ್ತರಾಗಿಯೇ ಹೋಗುತ್ತಿದ್ದರು. ಇಷ್ಟು ಕೆಲಸ ಗೊತ್ತಿರುವವಳಿಗೆ ಬೆಂಗಳೂರಿನ ಯಾವುದಾದರೂ ಕಂಪನಿಯ ಹೆಲ್ಪ್‌ಡೆಸ್ಕಿನಲ್ಲಿ ಜಾಗ ಸಿಗುವುದು ಕಷ್ಟವಲ್ಲ, ಬೇಕಿರುವುದು ಕಾಗದದ ಮೇಲೆ ತೋರಿಸಲು ಒಂದು ಸರ್ಟಿಫಿಕೇಟ್ ಮಾತ್ರ ಎಂಬುದು ನನ್ನ ಲೆಕ್ಕವಾಗಿತ್ತು.

ಆ ಲೆಕ್ಕ ಮೊದಲು ಅಲುಗಾಡಿದ್ದು 2021ರ ಮಾರ್ಚ್ ಕೊನೆಯಲ್ಲಿ. ಎಪಿಎಂಸಿ ಯಾರ್ಡಿನ ಮೆಕ್ಕೆಜೋಳದ ಮಂಡಿಯೊಂದರಿಂದ ಬಂದ ಕಂಪ್ಯೂಟರ್ ವಿಪರೀತ ನಿಧಾನವಾಗಿತ್ತು. ‘ಮುಖ್ಯವಾದದ್ದೆಲ್ಲ ಡಿ ಡ್ರೈವ್‌ನಾಗೈತವ್ವ’ ಎಂದು ಮಂಡಿಯ ಯಜಮಾನರು ಹೇಳಿದರು. ಡೆಸ್ಕ್‌ಟಾಪ್ ಮತ್ತು ಡಾಕ್ಯುಮೆಂಟ್ಸ್ ಫೋಲ್ಡರುಗಳನ್ನು ನಕಲು ಮಾಡಿಕೊಂಡು ನಾನು ಸಿ ಡ್ರೈವನ್ನು ಅಳಿಸಿದೆ. ಟ್ಯಾಲಿ ಪ್ರೈಮ್ ಎಂಬ ಲೆಕ್ಕಪತ್ರದ ತಂತ್ರಾಂಶ ತನ್ನ ಲೆಕ್ಕವನ್ನು ನಾವು ಬೇರೆ ಜಾಗ ಹೇಳದಿದ್ದರೆ ಸಿ ಡ್ರೈವಿನ ಪಬ್ಲಿಕ್ ಫೋಲ್ಡರಿನೊಳಗೆ ಇಟ್ಟುಕೊಳ್ಳುತ್ತದೆ ಎಂಬುದು ನನಗೆ ಗೊತ್ತಿತ್ತು, ಆದರೆ ಆ ಯಂತ್ರದಲ್ಲಿ ಟ್ಯಾಲಿ ಇದೆಯೇ ಎಂದು ನಾನು ಕೇಳಲಿಲ್ಲ. ಅವರ ಲೆಕ್ಕಿಗರ ಪೆನ್‌ಡ್ರೈವಿನಲ್ಲಿ ಹಳೆಯದೊಂದು ಪ್ರತಿ ಇದ್ದುದರಿಂದ ವರ್ಷದ ಲೆಕ್ಕ ಉಳಿಯಿತು. ಉಳಿದ 26 ದಿನಗಳ ವೋಚರುಗಳನ್ನು ಮಂಡಿಯಲ್ಲೇ ಕುಳಿತು ನಾನು ಮತ್ತೆ ತುಂಬಿಸಿಕೊಟ್ಟೆ. ಇಷ್ಟೆಲ್ಲ ಆದ ಮೇಲೂ ಯಂತ್ರದ ನಿಧಾನ ಹೋಗಲಿಲ್ಲ. ಕೆಟ್ಟಿದ್ದು ಹಾರ್ಡ್‌ಡಿಸ್ಕ್, ಅದನ್ನು ಬದಲಿಸಬೇಕಿತ್ತು. ಅಂದರೆ ನಾನು ಇಲ್ಲದ ರೋಗಕ್ಕೆ ಔಷಧ ಕೊಟ್ಟು, ಇದ್ದ ರೋಗವನ್ನು ಹಾಗೆಯೇ ಬಿಟ್ಟಿದ್ದೆ.

ಸರ್ಟಿಫಿಕೇಟುಗಳ ವಿಷಯಕ್ಕೆ ಬಂದಾಗ ಮೊದಲು ಕೈಗೆ ಸಿಕ್ಕಿದ್ದು ಕೋರ್ಸೆರಾ ಎಂಬ ಆನ್‌ಲೈನ್ ಕಲಿಕೆಯ ತಾಣದಲ್ಲಿರುವ ಗೂಗಲ್ ಐಟಿ ಸಪೋರ್ಟ್ ಸರ್ಟಿಫಿಕೇಟ್. 2018ರಲ್ಲಿ ಆರಂಭವಾದ ಇದರಲ್ಲಿ ನಾನು ಓದುವಾಗ ಐದು ಕೋರ್ಸುಗಳಿದ್ದವು. ಶುಲ್ಕ ಕಟ್ಟಲಾಗದವರು ತಮ್ಮ ಪರಿಸ್ಥಿತಿಯನ್ನು ವಿವರಿಸಿ ಆರ್ಥಿಕ ನೆರವಿಗೆ ಅರ್ಜಿ ಬರೆಯಬಹುದಿತ್ತು, ನಾನೂ ಬರೆದೆ, ಎರಡು ವಾರ ಕಾದ ಮೇಲೆ ಮಂಜೂರಾಯಿತು. ಮನೆಯಲ್ಲೇ ಕುಳಿತು, ಯಾರೂ ಮೇಲ್ವಿಚಾರಣೆ ಮಾಡದೆ ಮುಗಿಸುವ ಕೋರ್ಸ್ ಇದಾದ್ದರಿಂದ ಕಲಿಕೆಗೆ ಒಳ್ಳೆಯದು, ಆದರೆ ನೇಮಕ ಮಾಡುವವರು ಇದನ್ನು ಪರೀಕ್ಷೆ ಎಂದು ಎಣಿಸುವುದಿಲ್ಲ. ಗೆಳತಿಯೊಬ್ಬಳು ನೇರವಾಗಿ ಸಿಸ್ಕೋ ಕಂಪನಿಯ ಸಿಸಿಎನ್‌ಎ ಪರೀಕ್ಷೆಗೆ ಹೋಗು ಎಂದಳು. ಅದು ನೆಟ್‌ವರ್ಕ್ ಎಂಜಿನಿಯರ್ ಆಗುವವರ ದಾರಿ, ನನಗೆ ಬೇಕಾಗಿದ್ದು ಮನುಷ್ಯರ ದೂರು ಕೇಳುವ ಕೆಲಸ. ಹೀಗಾಗಿ ಕಂಪ್ಯೂಟರ್ ದುರಸ್ತಿ ಮತ್ತು ಹೆಲ್ಪ್‌ಡೆಸ್ಕ್ ಕೆಲಸಕ್ಕೆ ಸಂಬಂಧಿಸಿದ, ಕಾಂಪ್‌ಟಿಯಾ ಸಂಸ್ಥೆಯ ಎ ಪ್ಲಸ್ ಪರೀಕ್ಷೆಯನ್ನು ಆರಿಸಿಕೊಂಡೆ.

ಎ ಪ್ಲಸ್ ಎಂದರೆ ಒಂದಲ್ಲ, ಎರಡು ಪರೀಕ್ಷೆ, ಮತ್ತು ಎರಡಕ್ಕೂ ಬೇರೆ ಬೇರೆ ಶುಲ್ಕ. ಅಂಗಡಿಯ ನನ್ನ ತಿಂಗಳ ಸಂಬಳಕ್ಕಿಂತ ಒಂದೊಂದರ ಶುಲ್ಕವೂ ಹೆಚ್ಚಿತ್ತು. ಪ್ರತಿಯೊಂದರಲ್ಲೂ 90 ನಿಮಿಷ, ಗರಿಷ್ಠ 90 ಪ್ರಶ್ನೆ. ಅಂಕಗಳನ್ನು 100ರಿಂದ 900ರವರೆಗಿನ ಅಳತೆಯಲ್ಲಿ ಕೊಡುತ್ತಾರೆ, ಮೊದಲನೆಯದಕ್ಕೆ 675, ಎರಡನೆಯದಕ್ಕೆ 700 ಬೇಕು. ನಾನು ಬರೆದದ್ದು 220-1101 ಮತ್ತು 220-1102 ಎಂಬ ಸರಣಿ. 2025ರಲ್ಲಿ ಅದರ ಜಾಗಕ್ಕೆ 220-1201 ಮತ್ತು 220-1202 ಬಂದಿವೆ. ಒಂದು ಸರಣಿಯ ಮೊದಲ ಪರೀಕ್ಷೆಯನ್ನೂ ಇನ್ನೊಂದು ಸರಣಿಯ ಎರಡನೆಯದನ್ನೂ ಸೇರಿಸಿ ಸರ್ಟಿಫಿಕೇಟ್ ಪಡೆಯಲು ಬರುವುದಿಲ್ಲವಾದ್ದರಿಂದ, ಸೆಕೆಂಡ್ ಹ್ಯಾಂಡ್ ಪುಸ್ತಕ ಕೊಳ್ಳುವವರು ಮುಖಪುಟದ ಮೇಲಿನ ಈ ಸಂಖ್ಯೆಯನ್ನು ನೋಡಿಯೇ ದುಡ್ಡು ಕೊಡಬೇಕು.

ಮೊದಲ ಪರೀಕ್ಷೆಯ ಓದು ನನಗೆ ಹಬ್ಬದಂತಿತ್ತು, ಏಕೆಂದರೆ ಕೈಗೆ ಗೊತ್ತಿದ್ದ ಸಂಗತಿಗಳಿಗೆ ಅಲ್ಲಿ ಕಾರಣ ಸಿಗುತ್ತಿತ್ತು. ಲೇಸರ್ ಪ್ರಿಂಟರಿನ ಉದಾಹರಣೆಯನ್ನೇ ಹೇಳುತ್ತೇನೆ. ಝೆರಾಕ್ಸ್ ಅಂಗಡಿಗಳಿಂದ ಬರುತ್ತಿದ್ದ ಪ್ರಿಂಟರುಗಳಲ್ಲಿ ಅಕ್ಷರ ಬೆರಳಿಗೆ ಅಂಟಿಕೊಂಡು ಬಂದರೆ ನಾವು ಟೋನರ್ ಕಾರ್ಟ್ರಿಜ್ ಬದಲಿಸಿ ನೋಡುತ್ತಿದ್ದೆವು, ಹೋಗದಿದ್ದರೆ ಇನ್ನೊಂದು ಕಾರ್ಟ್ರಿಜ್ ಹಾಕುತ್ತಿದ್ದೆವು. ಡ್ರಮ್ಮಿಗೆ ವಿದ್ಯುದಾವೇಶ ಕೊಡುವುದು, ಲೇಸರಿನಿಂದ ಅದರ ಮೇಲೆ ಚಿತ್ರ ಬರೆಯುವುದು, ಟೋನರ್ ಪುಡಿ ಅಲ್ಲಿ ಕೂರುವುದು, ಅದು ಕಾಗದಕ್ಕೆ ವರ್ಗವಾಗುವುದು, ಬಿಸಿ ಮತ್ತು ಒತ್ತಡದಿಂದ ಕಾಗದದಲ್ಲಿ ಕರಗಿ ನಿಲ್ಲುವುದು ಎಂಬ ಹಂತಗಳನ್ನು ಒಮ್ಮೆ ತಿಳಿದುಕೊಂಡ ಮೇಲೆ, ಪುಡಿ ಕಾಗದದ ಮೇಲೆ ಸರಿಯಾದ ಜಾಗದಲ್ಲೇ ಬಿದ್ದಿದ್ದೂ ಉಜ್ಜಿದರೆ ಅಳಿಸುತ್ತಿದ್ದರೆ ತಪ್ಪು ಬಿಸಿ ಕೊಡುವ ಫ್ಯೂಸರಿನದು ಎಂಬುದನ್ನು ಯಾರೂ ಹೇಳಿಕೊಡಬೇಕಿಲ್ಲ. ಹಾಗೆಯೇ ಒಂದೇ ಕಲೆ ಹಾಳೆಯ ಉದ್ದಕ್ಕೂ ಸಮಾನ ಅಂತರದಲ್ಲಿ ಮತ್ತೆ ಮತ್ತೆ ಬಂದರೆ, ಡ್ರಮ್ಮಿನಂಥ ಸುತ್ತುವ ಭಾಗವೊಂದರ ಮೇಲೆ ಗೀರು ಬಿದ್ದಿದೆ ಎಂದರ್ಥ. ಅಮೆರಿಕದವರ ಪಠ್ಯದಲ್ಲಿ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರಿಗೂ ಜಾಗವಿದ್ದುದನ್ನು ಕಂಡು ನನಗೆ ನಗು ಬಂತು. ಯಾರ್ಡಿನ ಮಂಡಿಗಳಲ್ಲಿ ಕಾರ್ಬನ್ ಪ್ರತಿಯ ಬಿಲ್ಲಿಗಾಗಿ ಅದು ಇನ್ನೂ ಕರಕರ ಎನ್ನುತ್ತಲೇ ಇದೆ.

ನೆಟ್‌ವರ್ಕ್ ಭಾಗದಲ್ಲಿಯೂ ಹೀಗೆಯೇ ಆಯಿತು. ಕಂಪ್ಯೂಟರಿನ ಐಪಿ ವಿಳಾಸ 169.254 ಎಂದು ಶುರುವಾಗಿದ್ದರೆ, ವಿಳಾಸ ಹಂಚುವ ಡಿಎಚ್‌ಸಿಪಿ ಸರ್ವರಿನಿಂದ ಉತ್ತರ ಬಾರದೆ ಯಂತ್ರವೇ ತನಗೊಂದು ವಿಳಾಸ ಕಲ್ಪಿಸಿಕೊಂಡಿದೆ ಎಂದು ತಿಳಿಯಬೇಕು. ಈ ಒಂದು ಸಂಖ್ಯೆಯ ಅರ್ಥ ಗೊತ್ತಿಲ್ಲದೆ ನಾನು ಎಷ್ಟು ಯಂತ್ರಗಳಿಗೆ ವಿಂಡೋಸ್ ಹೊಡೆದಿದ್ದೇನೋ!

ಆದರೆ ಪುಸ್ತಕದಲ್ಲಿ ನನ್ನನ್ನು ನಿಲ್ಲಿಸಿದ್ದು ದೋಷ ಹುಡುಕುವ ಕ್ರಮವನ್ನು ಹೇಳುವ ಎರಡು ಪುಟಗಳು. ಸಮಸ್ಯೆಯನ್ನು ಗುರುತಿಸು, ಸಂಭವನೀಯ ಕಾರಣವನ್ನು ಊಹಿಸು, ಊಹೆಯನ್ನು ಪರೀಕ್ಷಿಸು, ಪರಿಹಾರಕ್ಕೆ ಯೋಜನೆ ಮಾಡಿ ಜಾರಿಗೆ ತಾ, ಎಲ್ಲವೂ ಸರಿಯಾಗಿ ನಡೆಯುತ್ತಿದೆಯೇ ನೋಡು, ಕೊನೆಗೆ ಮಾಡಿದ್ದನ್ನು ಬರೆದಿಡು. ಮೊದಲ ಹೆಜ್ಜೆಯ ಕೆಳಗೆಯೇ, ಬಳಸುವವನನ್ನು ಪ್ರಶ್ನಿಸಬೇಕು, ಇತ್ತೀಚೆಗೆ ಏನು ಬದಲಾಯಿತೆಂದು ಕೇಳಬೇಕು, ಬದಲಾವಣೆಗೆ ಕೈಹಾಕುವ ಮೊದಲು ಬ್ಯಾಕಪ್ ತೆಗೆದುಕೊಳ್ಳಬೇಕು ಎಂದಿತ್ತು. ಮಂಡಿಯ ಯಜಮಾನರ ಮುಖ ಕಣ್ಣಮುಂದೆ ಬಂತು. ನಾಲ್ಕು ವರ್ಷಗಳಲ್ಲಿ ನಾನು ಈ ಆರರಲ್ಲಿ ನಾಲ್ಕನೆಯದನ್ನು ಮಾತ್ರ ಮಾಡುತ್ತ ಬಂದಿದ್ದೆ.

ನೋಂದಣಿಯ ಬಗ್ಗೆ ಒಂದು ಮಾತು, ಏಕೆಂದರೆ ನಮ್ಮ ಕಡೆಯವರಿಗೆ ಇದು ನಿಜವಾದ ತೊಡಕು. ನಮ್ಮಲ್ಲಿ ಅನೇಕರ ಹೆಸರಿನ ಹಿಂದೆ ಇರುವುದು ಊರಿನ ಮತ್ತು ತಂದೆಯ ಇನಿಷಿಯಲ್ ಮಾತ್ರ, ಮನೆತನದ ಹೆಸರು ಇರುವುದಿಲ್ಲ. ಪರೀಕ್ಷೆ ನಡೆಸುವ ಪಿಯರ್ಸನ್ ವ್ಯೂ ಜಾಲತಾಣ ಮೊದಲ ಹೆಸರು, ಕೊನೆಯ ಹೆಸರು ಎಂದು ಎರಡು ಖಾನೆ ತೋರಿಸುತ್ತದೆ, ಅಲ್ಲಿ ತುಂಬಿದ್ದು ಗುರುತಿನ ಚೀಟಿಯಲ್ಲಿ ಇರುವಂತೆಯೇ ಇರಬೇಕು. ನನ್ನ ಒಂದು ಚೀಟಿಯಲ್ಲಿ ಇನಿಷಿಯಲ್ ಬಿಡಿಸಿ ಬರೆದಿದ್ದರೆ ಇನ್ನೊಂದರಲ್ಲಿ ಬಿಡಿಸಿರಲಿಲ್ಲ. ದುಡ್ಡು ಕಟ್ಟುವ ಮೊದಲೇ ಅದನ್ನು ಸರಿಪಡಿಸಿಕೊಂಡದ್ದು ನನ್ನ ಅದೃಷ್ಟ. ಮನೆಯಿಂದಲೇ ಕ್ಯಾಮೆರಾದ ಮುಂದೆ ಬರೆಯುವ ಅವಕಾಶವೂ ಇದೆ, ಆದರೆ ಕೋಣೆಗೆ ಯಾರೂ ಬರಬಾರದು, ಸಂಪರ್ಕ ಕಡಿಯಬಾರದು. ಅವಿಭಕ್ತ ಕುಟುಂಬದ ಮನೆ ಮತ್ತು ಬೇಸಿಗೆಯ ಕರೆಂಟ್, ಎರಡನ್ನೂ ನಂಬದೆ ನಾನು ರಾತ್ರಿ ಬಸ್ಸು ಹತ್ತಿ ಬೆಂಗಳೂರಿನ ಕೇಂದ್ರಕ್ಕೆ ಹೋದೆ. ಮೊದಲ ಪರೀಕ್ಷೆಯಲ್ಲಿ 741 ಬಂತು.

ಎರಡನೆಯದರಲ್ಲಿ 684. ಹದಿನಾರು ಅಂಕ ಕಡಿಮೆಯಾದದ್ದಕ್ಕೆ ಪೂರ್ತಿ ಶುಲ್ಕ ಮತ್ತೆ ಕಟ್ಟಬೇಕು. ಫಲಿತಾಂಶದ ಹಾಳೆಯಲ್ಲಿ ಯಾವ ಯಾವ ವಿಷಯಗಳಲ್ಲಿ ತಪ್ಪಿದ್ದೇವೆಂಬ ಪಟ್ಟಿ ಇರುತ್ತದೆ. ನನ್ನ ಪಟ್ಟಿಯ ಬಹುಭಾಗ ಭದ್ರತೆ ಮತ್ತು ಕಾರ್ಯವಿಧಾನಗಳದ್ದು. ಈ ಕಾರ್ಯವಿಧಾನಗಳ ಭಾಗಕ್ಕೇ ಆ ಪರೀಕ್ಷೆಯಲ್ಲಿ ಶೇ. 22ರಷ್ಟು ತೂಕವಿತ್ತು, ಇದರಲ್ಲಿ ಓದುವುದೇನಿದೆ ಎಂದು ನಾನು ಪುಟ ಹಾರಿಸಿದ್ದೆ. ಆಗಿನ ಪಠ್ಯದಲ್ಲಿದ್ದ, ವೈರಸ್‌ನಂಥ ಮಾಲ್‌ವೇರ್ ತೆಗೆಯುವ ಏಳು ಹಂತಗಳನ್ನು ನೋಡಿ: ಲಕ್ಷಣಗಳನ್ನು ಖಚಿತಪಡಿಸಿಕೊಳ್ಳುವುದು, ಯಂತ್ರವನ್ನು ನೆಟ್‌ವರ್ಕಿನಿಂದ ಬೇರ್ಪಡಿಸುವುದು, ಯಂತ್ರವನ್ನು ಹಿಂದಿನ ಸ್ಥಿತಿಗೆ ಮರಳಿಸುವ ವಿಂಡೋಸಿನ ಸಿಸ್ಟಂ ರಿಸ್ಟೋರ್ ನಿಲ್ಲಿಸುವುದು, ಸೋಂಕು ತೆಗೆಯುವುದು, ಮುಂದಿನ ಸ್ಕ್ಯಾನ್ ಮತ್ತು ಅಪ್‌ಡೇಟುಗಳಿಗೆ ವ್ಯವಸ್ಥೆ ಮಾಡುವುದು, ರಿಸ್ಟೋರನ್ನು ಮತ್ತೆ ಚಾಲೂ ಮಾಡುವುದು, ಕೊನೆಯದಾಗಿ ಬಳಸುವವರಿಗೆ ತಿಳಿಹೇಳುವುದು. ಮೂರನೆಯ ಹಂತ ಏಕೆಂದರೆ, ಹಳೆಯ ರಿಸ್ಟೋರ್ ಪಾಯಿಂಟಿನೊಳಗೇ ವೈರಸ್ ಅಡಗಿ ಕೂತಿದ್ದರೆ ಮುಂದೆ ಅದನ್ನು ಬಳಸಿದ ದಿನ ಮತ್ತೆ ಹೊರಬರುತ್ತದೆ. ‘ಮುಂದೇನು ಮಾಡುವಿರಿ’ ಎಂದು ಪ್ರಶ್ನೆ ಕೇಳಿದಾಗಲೆಲ್ಲ ನನ್ನ ಕೈ ತಾನಾಗಿಯೇ ‘ಆಪರೇಟಿಂಗ್ ಸಿಸ್ಟಂ ಮರುಸ್ಥಾಪಿಸುವುದು’ ಎಂಬ ಆಯ್ಕೆಯ ಮೇಲೆ ಹೋಗಿತ್ತು. ಅಂಗಡಿಯ ಅನುಭವ ನನಗೆ ಮೊದಲ ಪರೀಕ್ಷೆಯಲ್ಲಿ ಎಷ್ಟು ನೆರವಾಯಿತೋ ಎರಡನೆಯದರಲ್ಲಿ ಅಷ್ಟೇ ಅಡ್ಡ ಬಂದಿತ್ತು.

ಈ ಸಂದರ್ಭದಲ್ಲಿಯೇ ಹಿತೈಷಿಗಳು ‘ಡಂಪ್’ ಎಂಬ ವಸ್ತುವನ್ನು ಪರಿಚಯಿಸಿದರು. ಕದ್ದ ಪ್ರಶ್ನೆಗಳ ಪಿಡಿಎಫ್ ಅದು, ಬಾಯಿಪಾಠ ಮಾಡಿದರೆ ಸಾಕು ಎನ್ನುತ್ತಾರೆ. ಬಳಸಿದ್ದು ಗೊತ್ತಾದರೆ ಕಾಂಪ್‌ಟಿಯಾ ಸರ್ಟಿಫಿಕೇಟನ್ನೇ ರದ್ದು ಮಾಡಬಹುದು. ಅದಕ್ಕಿಂತ, ಪ್ರಶ್ನೆಪತ್ರಿಕೆಯ ಆರಂಭದಲ್ಲೇ ಬರುವ, ಪರದೆಯ ಮೇಲೆ ಕೆಲಸ ಮಾಡಿ ತೋರಿಸಬೇಕಾದ ಪ್ರಶ್ನೆಗಳ ಮುಂದೆ ಬಾಯಿಪಾಠ ನಡೆಯುವುದಿಲ್ಲ. ಆ ಪ್ರಶ್ನೆಗಳನ್ನು ಗುರುತು ಹಾಕಿ ಮುಂದೆ ಹೋಗಿ, ಉಳಿದವನ್ನು ಮುಗಿಸಿ ಬಂದು ಬಿಡಿಸುವುದು ಒಳ್ಳೆಯದು. ಮೊದಲ ಸಲ ಹಾಗೆ ಮಾಡದೆ ನಾನು ಇಪ್ಪತ್ತೈದು ನಿಮಿಷ ಕಳೆದುಕೊಂಡಿದ್ದೆ. ಐದು ವಾರಗಳ ನಂತರ, 2023ರ ನವೆಂಬರಿನಲ್ಲಿ, 738 ಅಂಕಗಳೊಂದಿಗೆ ಎರಡನೆಯದೂ ಮುಗಿಯಿತು.

ಸಂದರ್ಶನದಲ್ಲಿ ಸರ್ಟಿಫಿಕೇಟಿನ ಬಗ್ಗೆ ಯಾರೂ ಕೇಳಲಿಲ್ಲ, ಕರೆ ಬರಲು ಮಾತ್ರ ಅದು ಕಾರಣವಾಯಿತು. ‘ಬಳಕೆದಾರರೊಬ್ಬರು ಫೋನ್ ಮಾಡಿ ಇಂಟರ್‌ನೆಟ್ ಬರುತ್ತಿಲ್ಲ ಎನ್ನುತ್ತಾರೆ, ಏನು ಮಾಡುವಿರಿ’ ಎಂಬುದು ಮೊದಲ ಪ್ರಶ್ನೆ. ನಾನು ಏನನ್ನೂ ಮಾಡದೆ ಕೇಳುತ್ತ ಹೋದೆ. ಒಬ್ಬರಿಗೋ ಎಲ್ಲರಿಗೋ, ಒಂದೇ ತಾಣವೋ ಎಲ್ಲವೋ, ನಿನ್ನೆ ಇತ್ತೇ, ನಿನ್ನೆಯಿಂದ ಇಂದಿಗೆ ಬದಲಾದದ್ದೇನು? ನಾಲ್ಕನೆಯ ಪ್ರಶ್ನೆಗೆ ಸಂದರ್ಶಕರು ಸಾಕು ಎಂದರು.

ಮೊದಲ ಹಂತದ ಸರ್ವಿಸ್ ಡೆಸ್ಕಿನ ಕೆಲಸ ಸಿಕ್ಕಿತು. ಪಾಳಿ ಬದಲಾಗುತ್ತಿರುತ್ತದೆ, ಮರೆತ ಪಾಸ್‌ವರ್ಡುಗಳೇ ಹೆಚ್ಚು, ಬರೆದಿಡುವ ಕೆಲಸವಂತೂ ವಿಪರೀತ. ಒಮ್ಮೆ ನಮ್ಮ ರಾಜ್ಯದ ಶಾಖೆಯೊಂದರಿಂದ, ಇಮೇಲಿನಲ್ಲಿ ಬಂದ ಪತ್ರ ತೆರೆದರೆ ಬರೀ ಇಂಗ್ಲಿಷ್ ಅಕ್ಷರಗಳ ಕಸ ಕಾಣುತ್ತಿದೆ, ವೈರಸ್ ಬಂದಿದೆ ಎಂಬ ದೂರು ಬಂತು. ತಂಡದವರೆಲ್ಲ ಫೈಲ್ ಕೆಟ್ಟಿದೆ ಎಂದರು. ಅದು ಯೂನಿಕೋಡ್ ಅಲ್ಲದ ಹಳೆಯ ನುಡಿ ಫಾಂಟಿನಲ್ಲಿ ಟೈಪಾದ ಪತ್ರ, ಆ ಫಾಂಟ್ ಇಲ್ಲದ ಯಂತ್ರದಲ್ಲಿ ಹಾಗೆ ಕಾಣುವುದು ಸಹಜ. ಎ ಪ್ಲಸ್ ಪಠ್ಯದಲ್ಲಿ ಇದಕ್ಕೆ ಜಾಗವಿಲ್ಲ, ಝೆರಾಕ್ಸ್ ಅಂಗಡಿಗಳ ನಡುವೆ ಬೆಳೆದವಳಿಗೆ ಪಠ್ಯ ಬೇಕಾಗಲೂ ಇಲ್ಲ.

ಎ ಪ್ಲಸ್ ಮೂರು ವರ್ಷ ಮಾತ್ರ ಚಾಲ್ತಿಯಲ್ಲಿರುತ್ತದೆ. ಆ ಅವಧಿಯಲ್ಲಿ 20 ಮುಂದುವರಿದ ಶಿಕ್ಷಣದ ಅಂಕಗಳನ್ನು ಸಂಪಾದಿಸಬೇಕು, ಇಲ್ಲವೇ ಅದಕ್ಕಿಂತ ಮೇಲಿನ ಪರೀಕ್ಷೆಯೊಂದನ್ನು ಪಾಸಾಗಬೇಕು. ನನ್ನದು 2026ರ ನವೆಂಬರಿಗೆ ಮುಗಿಯುತ್ತದೆಯಾದ್ದರಿಂದ ನೆಟ್‌ವರ್ಕ್ ಪ್ಲಸ್ ಓದಲು ಕುಳಿತಿದ್ದೇನೆ. ಈಗ ಸಬ್‌ನೆಟ್ಟಿನ, ಅಂದರೆ ನೆಟ್‌ವರ್ಕನ್ನು ಸಣ್ಣ ಭಾಗಗಳಾಗಿ ಒಡೆಯುವ ಅಧ್ಯಾಯ ನಡೆಯುತ್ತಿದೆ. ಐಪಿ ವಿಳಾಸದ 32 ಬಿಟ್‌ಗಳಲ್ಲಿ 26 ಬಿಟ್ ನೆಟ್‌ವರ್ಕಿಗೆ ಹೋದರೆ ಉಳಿಯುವುದು ಆರು ಬಿಟ್, ಅಂದರೆ 64 ವಿಳಾಸ, ಯಂತ್ರಗಳಿಗೆ ಕೊಡಲಾಗದ ಎರಡನ್ನು ಕಳೆದರೆ ಉಳಿಯುವುದು 62. ರಜೆಗೆ ಊರಿಗೆ ಬಂದಾಗಲೆಲ್ಲ ಈ ಲೆಕ್ಕಗಳನ್ನು ಡಾಟ್ ಮ್ಯಾಟ್ರಿಕ್ಸ್ ಬಿಲ್ಲುಗಳ ಹಿಂಬದಿಯಲ್ಲಿ ಬಿಡಿಸುತ್ತೇನೆ. ಆ ಮಂಡಿಯ ಯಜಮಾನರು ಹಾಳಾದ ಬಿಲ್ಲಿನ ಕಾಗದವನ್ನು ನನಗಾಗಿ ಒಂದು ಕಟ್ಟು ಎತ್ತಿಟ್ಟಿರುತ್ತಾರೆ, ಕೊಡುವಾಗ ಟ್ಯಾಲಿಯ ಬ್ಯಾಕಪ್ ಇರುವ ಪೆನ್‌ಡ್ರೈವನ್ನು ಜೇಬಿನಿಂದ ತೆಗೆದು ತೋರಿಸುವುದನ್ನು ಮರೆಯುವುದಿಲ್ಲ.