ರಾಜಗಡದ ಬಂಡೆಗೆ ಉಜ್ಜಿ ನೋಡಿದ ಲೆಗಿಂಗ್ಸ್

ನವೆಂಬರ್ ಮೊದಲ ಭಾನುವಾರ ನಾವು ಮೂವರು ಹೆಂಗಸರು ಪುಣೆಯಿಂದ ರಾಜಗಡ ಕೋಟೆಗೆ ಹೋಗಿ ಬಂದೆವು. ನಾನು, ಧಾರವಾಡದಿಂದ ರಜೆಗೆ ಬಂದಿದ್ದ ನನ್ನ ನಾದಿನಿ ಮತ್ತು ನಮ್ಮ ಕಟ್ಟಡದ ಮೂರನೇ ಮಹಡಿಯ ಕುಂದಾಪುರದ ಅಕ್ಕ. ಹೊರಡುವ ಮುಂಚಿನ ವಾರವಿಡೀ ನಮ್ಮ ಮಾತೆಲ್ಲ ಏನು ಹಾಕಿಕೊಳ್ಳುವುದು ಎಂಬುದರ ಸುತ್ತಲೇ. ಒಬ್ಬರ ಮಾತು ಇನ್ನೊಬ್ಬರು ಕೇಳಲಿಲ್ಲ. ಮೂವರೂ ಮೂರು ಬಗೆಯ ಬಟ್ಟೆ ಹಾಕಿಕೊಂಡು ಹೋದದ್ದರಿಂದ ಈಗ ಬರೆಯಲು ನನಗೊಂದು ವಿಷಯ ಸಿಕ್ಕಿದೆ.

ನನ್ನದು ಚಾರಣಕ್ಕೆಂದೇ ಮಾರುವ ದಪ್ಪ ಲೆಗಿಂಗ್ಸ್. ಒಳಗಿನ ಚೀಟಿಯಲ್ಲಿ ನೈಲಾನ್ ಶೇ. 76, ಸ್ಪ್ಯಾಂಡೆಕ್ಸ್ ಶೇ. 24 ಎಂದಿತ್ತು. ಮಂಡಿಗೆ ಎರಡನೇ ಪದರ, ತೊಡೆಯ ಎರಡೂ ಪಕ್ಕದಲ್ಲಿ ಜೇಬು, ಬೆಲೆ 2,400 ರೂಪಾಯಿ. ನಾದಿನಿ ಕುರ್ತಾದ ಕೆಳಗೆ ದಿನಾ ಹಾಕುವ ಹತ್ತಿಯ ಲೆಗಿಂಗ್ಸ್‌ನಲ್ಲೇ ಹೊರಟಿದ್ದಳು. "ವೈನಿ, ಇದನ್ನು ಹಾಕಿಕೊಂಡೇ ಯೋಗ ಮಾಡುತ್ತೇನೆ, ಗುಡ್ಡ ಹತ್ತಲು ಆಗುವುದಿಲ್ಲವೇ?" ಎಂದಳು. ಅಕ್ಕ ಮಾತ್ರ ಮಗನಿಗೆ ಗಿಡ್ಡವಾದ ಸಡಿಲ ಚಾರಣದ ಪ್ಯಾಂಟನ್ನು ಬೆಲ್ಟ್ ಬಿಗಿದು, ಕೆಳಗೆ ಎರಡು ಸುತ್ತು ಮಡಚಿ ಹಾಕಿಕೊಂಡಿದ್ದರು. ಕಾರಿನಲ್ಲಿ ನಾವಿಬ್ಬರೂ ಅವರನ್ನು ನೋಡಿ ನಕ್ಕಿದ್ದೆವು ಎಂಬುದನ್ನು ಇಲ್ಲಿ ಒಪ್ಪಿಕೊಳ್ಳಬೇಕು.

ದಾರಿಯ ವಿಷಯ ಬೇಗ ಮುಗಿಸುತ್ತೇನೆ. ಸಾತಾರಾ ರಸ್ತೆ ಹಿಡಿದು ನಸರಾಪುರದ ಬಳಿ ಬಲಕ್ಕೆ ತಿರುಗಿ, ಮಾರ್ಗಾಸನಿ ದಾಟಿ ಕೋಟೆಯ ಬುಡದ ಹಳ್ಳಿ ಗುಂಜವಣೆ ಸೇರಬೇಕು. ಸುಮಾರು 60 ಕಿಲೋಮೀಟರ್. ಬೆಳಗಿನ ಐದಕ್ಕೆ ಪುಣೆಯ ಕೋಥರೂಡ್ ಬಿಟ್ಟ ನಾವು ಏಳಕ್ಕೆ ಅಲ್ಲಿದ್ದೆವು. ಬಸ್ಸುಗಳು ಕಡಿಮೆ, ಸ್ವಂತ ವಾಹನ ಇದ್ದರೆ ಒಳ್ಳೆಯದು. ಗುಂಜವಣೆಯಿಂದ ಚೋರ ದರವಾಜಾ ಎಂಬ ಸಣ್ಣ ಗುಟ್ಟಿನ ಬಾಗಿಲ ಮೂಲಕ ಹತ್ತುವ ದಾರಿ ಕಡಿದು, ಕೊನೆಯಲ್ಲಿ ಕಬ್ಬಿಣದ ಕಂಬಿ ಹಿಡಿದು ಬಂಡೆ ಏರಬೇಕು. ಪಾಲಿ ಕಡೆಯಿಂದ ಬಂದರೆ ಅಗಲವಾದ ಮೆಟ್ಟಿಲುಗಳ ಹಳೆಯ ರಾಜಮಾರ್ಗವಿದೆ, ಸುಲಭ. ರಾಯಗಡಕ್ಕೂ ಮುಂಚೆ ಶಿವಾಜಿಯ ರಾಜಧಾನಿ ಇದೇ ಆಗಿತ್ತು. 2025ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಹನ್ನೆರಡು ಮರಾಠಾ ಕೋಟೆಗಳಲ್ಲಿ ಇದೂ ಒಂದಾದ ಕಾರಣ ಭಾನುವಾರ ಜನ ಜಾಸ್ತಿ. ಏಳರ ಒಳಗೆ ಹತ್ತಲು ಶುರು ಮಾಡದಿದ್ದರೆ ಕಂಬಿಯ ಬಳಿ ಸಾಲು ನಿಲ್ಲಬೇಕಾಗುತ್ತದೆ.

ಹತ್ತುವಾಗ ನನ್ನ ಲೆಗಿಂಗ್ಸ್ ಕೊಟ್ಟ ಸುಖವನ್ನು ಸುಳ್ಳು ಹೇಳಿ ಮುಚ್ಚಿಡಲಾರೆ. ತೊಡೆಯೆತ್ತರದ ಕಲ್ಲಿನ ಮೇಲೆ ಕಾಲಿಡಬೇಕಾದಾಗ ಬಟ್ಟೆ ಎಲ್ಲೂ ಜಗ್ಗಲಿಲ್ಲ, ಮಂಡಿ ಹಿಡಿಯಲಿಲ್ಲ. ಬೆವರು ಬಂತು, ಹತ್ತು ನಿಮಿಷ ನೆರಳಲ್ಲಿ ನಿಂತರೆ ಆರಿತು. ತೊಡೆಗೆ ತೊಡೆ ಉಜ್ಜಿ ಉರಿಯುವ ತಾಪತ್ರಯ ಇರುವವರಿಗಂತೂ ಇದಕ್ಕಿಂತ ಹಿತವಾದ ಉಡುಪಿಲ್ಲ. ಅತ್ತ ನಾದಿನಿಯ ಹತ್ತಿ ಒಂದು ತಾಸಿನೊಳಗೆ ಸೊಂಟದಲ್ಲೂ ಮಂಡಿಯ ಹಿಂದೆಯೂ ಒದ್ದೆಯಾಗಿ, ಭಾರಕ್ಕೆ ಕೆಳಗೆ ಜಾರತೊಡಗಿತು. ಕಂಬಿ ಹಿಡಿಯಲು ಎರಡೂ ಕೈ ಬೇಕಾದ ಜಾಗದಲ್ಲಿ ಅವಳ ಒಂದು ಕೈ ಸದಾ ಸೊಂಟದ ಮೇಲಿತ್ತು. ಇದು ನಗುವ ವಿಷಯವಲ್ಲ, ಅಪಾಯದ ವಿಷಯ.

ಇನ್ನು ಹುಲ್ಲಿನ ಮಾತು. ಮಳೆಗಾಲ ಮುಗಿದು ಹುಲ್ಲು ಒಣಗುವ ಈ ಹೊತ್ತಿನಲ್ಲಿ ಸಹ್ಯಾದ್ರಿಯ ಕಾಲುದಾರಿಗಳ ಎರಡೂ ಬದಿ ಉತ್ತರಾಣಿ ಮತ್ತು ಸೂಜಿ ಹುಲ್ಲು ಕಾದು ನಿಂತಿರುತ್ತವೆ. ಉತ್ತರಾಣಿ ಬೀಜ ಮೇಲೆ ಅಂಟಿಕೊಳ್ಳುತ್ತದೆ, ಕುಳಿತು ಕೀಳಬಹುದು. ಸೂಜಿ ಹುಲ್ಲಿನ ಗುಣ ಬೇರೆ. ಅದರ ಬೀಜದ ತುದಿ ಚೂಪು, ಹಿಂದೆ ಹಗ್ಗದಂತೆ ತಿರುಚಿದ ಬಾಲ. ತೇವ ತಾಗಿದರೆ ಆ ಬಾಲ ಸುತ್ತು ಬಿಚ್ಚುತ್ತದೆ, ಒಣಗಿದರೆ ಮತ್ತೆ ಸುತ್ತಿಕೊಳ್ಳುತ್ತದೆ, ಹೀಗೆ ತಿರುಗುತ್ತಾ ಬೀಜವನ್ನು ಬೈರಿಗೆಯಂತೆ ಮಣ್ಣಿಗಿಳಿಸುತ್ತದೆ. ಮಣ್ಣಿನ ಬದಲು ಬೆವರಿದ ಮೀನಖಂಡ ಸಿಕ್ಕರೂ ಅದಕ್ಕೆ ಅಡ್ಡಿಯಿಲ್ಲ. ಲೆಗಿಂಗ್ಸ್ ಎಷ್ಟೇ ದಪ್ಪವಿರಲಿ, ಹೆಣಿಗೆಯ ಬಟ್ಟೆ. ಹಿಗ್ಗಿದಾಗ ಕುಣಿಕೆಗಳ ನಡುವೆ ಸಂದು ತೆರೆಯುತ್ತದೆ, ಬೀಜ ಅಲ್ಲಿಂದಲೇ ನುಗ್ಗುತ್ತದೆ. ಹೊರಗಿನಿಂದ ಎಳೆದರೆ ಬಾಲ ಮಾತ್ರ ಕೈಗೆ ಬರುತ್ತದೆ, ಮೊನೆ ಒಳಗೇ ಉಳಿಯುತ್ತದೆ. ಪದ್ಮಾವತಿ ಮಾಚಿಯ (ಮಾಚಿ ಎಂದರೆ ಕೋಟೆಯ ತುದಿಗಿಂತ ಕೆಳಗೆ ಚಾಚಿದ ಬಯಲು) ಕೆರೆಯ ಬಳಿ ಕುಳಿತು ನಾನು ಹನ್ನೊಂದು ಕಿತ್ತೆ. ಅಕ್ಕನ ಪ್ಯಾಂಟು ನೇಯ್ಗೆಯ ಬಟ್ಟೆ, ಒಂದೂ ಒಳಗೆ ಇಳಿದಿರಲಿಲ್ಲ. ಮಡಚಿದ ಅಂಚಿನಲ್ಲಿ ಮಾತ್ರ ಅರ್ಧ ಹಿಡಿ ಕಸ ತುಂಬಿತ್ತು. ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಹೋಗುವವರು ಲೆಗಿಂಗ್ಸ್ ಹಾಕುವುದಾದರೆ ಮೀನಖಂಡ ಮುಚ್ಚುವ ಗೇಟರ್ ಅಥವಾ ಉದ್ದನೆಯ ದಪ್ಪ ಕಾಲುಚೀಲ ಜೊತೆಗಿರಲಿ.

ಕವಳಿ ಮುಳ್ಳಿಗೆ ನನ್ನದು ಎರಡು ಸಲ ಸಿಕ್ಕಿತು. ಹರಿಯಲಿಲ್ಲ, ಎಳೆ ಜಗ್ಗಿ ಗೆರೆ ಬಿದ್ದಿತು ಅಷ್ಟೇ. ಸಿಕ್ಕಿಕೊಂಡಾಗ ಮುಂದಕ್ಕೆ ಎಳೆಯದೆ ಒಂದು ಹೆಜ್ಜೆ ಹಿಂದೆ ಬಂದು ಬಿಡಿಸಿಕೊಳ್ಳಬೇಕು.

ತುತ್ತತುದಿಯ ಒಳಕೋಟೆಯಾದ ಬಾಲೇಕಿಲ್ಲಾ ಏರುವ ಬಂಡೆಯಲ್ಲೂ ಎಲ್ಲ ಸರಿಯಿತ್ತು. ಮೇಲೆ ಸಂಜೀವನಿ ಮಾಚಿಯ ಬಾಗುವ ಗೋಡೆಗಳನ್ನು ನೋಡುತ್ತಾ ಚಪಾತಿ, ಶೇಂಗಾ ಚಟ್ನಿ ತಿಂದೆವು. ಆ ಹೊತ್ತಿಗೆ ಬರೆಯಲು ಕುಳಿತಿದ್ದರೆ ಈ ಲೆಗಿಂಗ್ಸ್‌ಗೆ ಹತ್ತಕ್ಕೆ ಹತ್ತು ಅಂಕ ಕೊಟ್ಟುಬಿಡುತ್ತಿದ್ದೆ.

ಇಳಿಯುವಾಗ ಲೆಕ್ಕ ತಲೆಕೆಳಗಾಯಿತು. ಚೋರ ದರವಾಜಾ ಕೆಳಗಿನ ಬಂಡೆಗಳಲ್ಲಿ ನನ್ನಂಥ ಗಿಡ್ಡ ಕಾಲಿನವರು ನಿಂತು ಇಳಿಯುವುದು ಕಷ್ಟ. ಕುಳಿತು, ಕಾಲು ಇಳಿಬಿಟ್ಟು, ಜಾರಿ ಇಳಿಯಬೇಕು. ಇಲ್ಲಿಯ ಕಲ್ಲು ಲಾವಾ ಆರಿ ಆದ ಬಸಾಲ್ಟ್. ಕೆಲವು ಕಡೆ ಸಣ್ಣ ಸಣ್ಣ ತೂತುಗಳಿದ್ದು, ಮುಟ್ಟಿದರೆ ಬೀಸುವ ಕಲ್ಲಿಗೆ ಹೊಸದಾಗಿ ಮುಳ್ಳು ಹಾಕಿಸಿದಂತಿರುತ್ತದೆ. ಅದರ ಕೆಳಗೆ ಪುಡಿಗಲ್ಲಿನ ಇಳಿಜಾರು, ಅಲ್ಲಿಯೂ ಎರಡು ಬಾರಿ ಕುಳಿತೆ, ಒಮ್ಮೆ ನನ್ನ ಇಚ್ಛೆಯಿಂದ, ಇನ್ನೊಮ್ಮೆ ಕಲ್ಲಿನ ಇಚ್ಛೆಯಿಂದ.

ಗುಂಜವಣೆಯ ಚಹಾ ಅಂಗಡಿ ತಲುಪಿದಾಗ ನಾದಿನಿ ಹಿಂದಿನಿಂದ, "ವೈನಿ, ಸ್ವಲ್ಪ ತಿರುಗಿ ನಿಲ್ಲಿ" ಎಂದಳು. ಅತ್ತಿಗೆಗೆ ಮರಾಠಿಯಲ್ಲೂ ವೈನಿ ಎನ್ನುವುದರಿಂದ ಅಂಗಡಿಯ ತಾಯಿ ಅದನ್ನು ಕೇಳಿ ನಾವು ಮರಾಠಿಯವರೇ ಎಂದುಕೊಂಡು, ತಮ್ಮದೊಂದು ಓಢಣಿ ಬೇಕೇ ಎಂದು ಕೇಳಿಯೂಬಿಟ್ಟರು. ಪರಿಸ್ಥಿತಿ ಅಲ್ಲಿಗೆ ಬಂದಿತ್ತು. ಮನೆಗೆ ಬಂದು ಬಿಚ್ಚಿ ನೋಡಿದಾಗ ಕೂರುವ ಭಾಗದಲ್ಲಿ ಎರಡು ಅಂಗೈಯಗಲ ಬಟ್ಟೆ ಉಜ್ಜಿ ಉಣ್ಣೆಯಂತಾಗಿತ್ತು. ಕಪ್ಪು ನೈಲಾನಿನ ನಡುವಿನಿಂದ ನೆರೆಗೂದಲಿನಂತೆ ಬಿಳಿ ಎಳೆಗಳು ಹೊರಗೆ ಚಾಚಿದ್ದವು. ಅವೇ ಸ್ಪ್ಯಾಂಡೆಕ್ಸ್. ಬಟ್ಟೆಗೆ ಹಿಗ್ಗಿ ಕುಗ್ಗುವ ಗುಣ ಕೊಡುವ ಎಳೆ ತುಂಡಾದಾಗ ಹೀಗೆ ಮೇಲೆ ಬರುತ್ತದೆ. ಒಮ್ಮೆ ತುಂಡಾದ ಜಾಗ ಮತ್ತೆ ಬಿಗಿಯುವುದಿಲ್ಲ, ಅಲ್ಲಿ ಬಟ್ಟೆ ಜೋಲುತ್ತದೆ. ಅಂಗಡಿಯವರು ಹೆಮ್ಮೆಯಿಂದ ತೋರಿಸಿದ್ದ ಮಂಡಿಯ ಎರಡನೇ ಪದರವೋ, ಹೊಸದಾಗಿ ತಂದಂತೆ ಇತ್ತು! ಮಂಡಿಯೂರಿ ಇಳಿಯುವವರು ಯಾರಿದ್ದಾರೆ?

ನಾದಿನಿಯದು ತೊಡೆಸಂದಿನ ಹೊಲಿಗೆಯಲ್ಲಿ ಎರಡು ಬೆರಳು ಬಿಚ್ಚಿತ್ತು. ಅಕ್ಕನ ಪ್ಯಾಂಟಿಗೆ ಧೂಳು ಬಿಟ್ಟರೆ ಏನೂ ಆಗಿರಲಿಲ್ಲ. ಹಿಂದಿರುಗುವಾಗ ಕಾರಿನಲ್ಲಿ ನಕ್ಕವರು ಅವರು.

ಹಾಗೆಂದು ಲೆಗಿಂಗ್ಸ್ ಬೇಡ ಎನ್ನಲಾರೆ. ಆತ್ಕರವಾಡಿಯಿಂದ ಸಿಂಹಗಡದ ಸವೆದ ದಾರಿಗೆ, ಲೋಹಗಡದ ಮೆಟ್ಟಿಲುಗಳಿಗೆ ಅದೇ ಸಾಕು, ಅದೇ ಚೆನ್ನ. ರಾಜಗಡಕ್ಕೂ ಪಾಲಿಯಿಂದ ಹತ್ತಿ ಪಾಲಿಗೇ ಇಳಿಯುವವರಿಗೆ ತೊಂದರೆಯಿಲ್ಲ. ಚೋರ ದರವಾಜಾ ಕಡೆಯಿಂದ ಇಳಿಯುವವರು ಮಾತ್ರ ಮೇಲೊಂದು ನೇಯ್ಗೆಯ ಬಟ್ಟೆಯ ಸಡಿಲ ಚಡ್ಡಿ ಹಾಕಿಕೊಳ್ಳಿ. ಚೀಲದಲ್ಲಿ ಒಂದು ಹಿಡಿಯಷ್ಟೂ ಜಾಗ ಹಿಡಿಯುವುದಿಲ್ಲ, ಇಳಿಯಲು ಶುರು ಮಾಡುವಾಗ ಏರಿಸಿದರಾಯಿತು. ಉಜ್ಜಿ ಹೋದರೆ ಆ 300 ರೂಪಾಯಿಯ ಚಡ್ಡಿ ಹೋಗಲಿ.

ಕೊಳ್ಳುವಾಗ ಬಟ್ಟೆಯನ್ನು ಒಳಹೊರಗು ಮಾಡಿ ನೋಡಿ. ತೊಡೆಸಂದಿನಲ್ಲಿ ನಾಲ್ಕು ಹೊಲಿಗೆಗಳು ಒಂದೇ ಬಿಂದುವಿನಲ್ಲಿ ಬಂದು ಸೇರಿದ್ದರೆ ಬಿಡಿ, ಬಿಚ್ಚುವುದು ಅಲ್ಲಿಯೇ. ವಜ್ರಾಕಾರದ ಒಂದು ತುಂಡು ಕೂಡಿಸಿದ್ದರೆ ಎಳೆತ ಹಂಚಿಹೋಗುತ್ತದೆ. ಹೊಲಿಗೆ ಚಪ್ಪಟೆಯಾಗಿರಲಿ, ಉಬ್ಬಿದ್ದರೆ ನಾಲ್ಕು ತಾಸಿಗೆ ಚರ್ಮ ಕೆಂಪಾಗುತ್ತದೆ. ಹಾಕಿ ನೋಡುವ ಕೋಣೆಯಲ್ಲಿ ನಿಂತು ನೋಡಿದರೆ ಸಾಲದು. ಬೆಳಕಿಗೆ ಬೆನ್ನು ಹಾಕಿ ಪೂರ್ತಿ ಕುಕ್ಕರಗಾಲಲ್ಲಿ ಕುಳಿತು ಕನ್ನಡಿಯಲ್ಲಿ ಹಿಂದೆ ನೋಡಿಕೊಳ್ಳಿ, ಚರ್ಮದ ಬಣ್ಣ ಕಾಣಬಾರದು. ಸೊಂಟದೊಳಗೆ ಲಾಡಿ ಇದ್ದರೆ ಇನ್ನೂ ಒಳ್ಳೆಯದು.

ಪಕ್ಕದ ಜೇಬಿನಲ್ಲಿ ಮೊಬೈಲ್ ಇಟ್ಟು ಬಂಡೆ ಇಳಿಯಬೇಡಿ. ನನ್ನದು ಕುಳಿತ ಕೂಡಲೇ ಮೇಲಕ್ಕೆ ಜಾರಿ, ಅಕ್ಕನ ಕೈ ಅಡ್ಡ ಬಂದದ್ದರಿಂದ ಉಳಿಯಿತು.

ಇನ್ನೊಂದು, ಗಂಡಸರು ಯಾರೂ ಬರೆಯದ ಸಂಗತಿ. ದಾರಿಯುದ್ದಕ್ಕೂ ಪೊದೆಯ ಮರೆಯೇ ಶೌಚಾಲಯ. ಬೆವರಿದ ಮೈಮೇಲೆ ಎತ್ತರ ಸೊಂಟದ ಬಿಗಿ ಲೆಗಿಂಗ್ಸ್ ಇಳಿಸಬಹುದು, ಏರಿಸುವುದು ಕುಸ್ತಿ. ಒಬ್ಬರು ಕಾವಲಿಗೆ ಬೇಕು, ಐದು ನಿಮಿಷ ಹೆಚ್ಚು ಬೇಕು, ಉದ್ದನೆಯ ಕುರ್ತಾ ಇದ್ದರೆ ಅದೇ ಪರದೆ. ಇದಕ್ಕೆ ಹೆದರಿ ನೀರು ಕುಡಿಯುವುದನ್ನು ಮಾತ್ರ ಕಡಿಮೆ ಮಾಡಬೇಡಿ. ನಾದಿನಿ ಮಾಡಿದಳು, ಮಧ್ಯಾಹ್ನಕ್ಕೆ ತಲೆನೋವು ಹಿಡಿದು ಕುಳಿತಳು.

ಒಗೆಯುವಾಗ ಒಳಹೊರಗು ಮಾಡಿ, ತಣ್ಣೀರಿನಲ್ಲಿ, ಕೈಯಿಂದ ಒಗೆದು ನೆರಳಲ್ಲಿ ಒಣಗಿಸಿ. ಬಿಸಿನೀರು, ಬ್ಲೀಚು, ಇಸ್ತ್ರಿ ಮೂರೂ ಸ್ಪ್ಯಾಂಡೆಕ್ಸ್‌ಗೆ ವೈರಿಗಳು, ಬಟ್ಟೆ ಮೆದುಗೊಳಿಸುವ ದ್ರವವೂ ಬೇಡ. ಮೊದಲು ಹುಲ್ಲಿನ ಮೊನೆಗಳನ್ನು ಬೆಳಕಿಗೆ ಹಿಡಿದು ಒಳಗಿನಿಂದ ಚಿಮುಟದಲ್ಲಿ ಕೀಳಿ, ಇಲ್ಲದಿದ್ದರೆ ಜೊತೆಗೆ ಒಗೆದ ಬಟ್ಟೆಗಳಿಗೂ ಹರಡುತ್ತವೆ. ನಾನು ಇದನ್ನು ತಡವಾಗಿ ಕಲಿತೆ. ಮಂಗಳವಾರ ಸಂಜೆ ನನ್ನವರು ಕಚೇರಿಯಿಂದ ಬಂದು, ಬೆಳಗಿನಿಂದ ತಮ್ಮ ಬನಿಯನ್ನಿನಲ್ಲಿ ಏನೋ ಚುಚ್ಚುತ್ತಿದೆ ಎಂದರು.