ಕಾಗದಕ್ಕ ಚಾರ್ಜ್ ಇಲ್ಲಲ್ಲ ಕಾಕಾ

‘ಕಾಗದಕ್ಕ ಚಾರ್ಜ್ ಇಲ್ಲಲ್ಲ ಕಾಕಾ, ಮತ್ತ ಅದ್ಯಾಕ ಬಂತು?’

ಭಾನುವಾರದಿಂದ ಈ ಪ್ರಶ್ನೆ ತಲೆಯಲ್ಲೇ ಕೂತಿದೆ.

ಧಾರವಾಡದ ಜನವರಿ, ತುಟಿ ಒಡೆಯುವಂಥ ಒಣಹವೆ. ಎಂಟನೇ ಕ್ಲಾಸಿನ ಅಣ್ಣನ ಮಗಳು ತಲೆ ಎರೆದುಕೊಂಡಿದ್ದಳು. ಕೂದಲು ಒಣಗುತ್ತಲೇ ಪ್ಲಾಸ್ಟಿಕ್ ಹಣಿಗೆಯಿಂದ ಹತ್ತಾರು ಸಲ ಬಾಚಿ, ಅದನ್ನು ಕಾಗದದ ಚೂರುಗಳ ಮೇಲೆ ಹಿಡಿದಳು. ಚೂರುಗಳು ಎದ್ದು ನಿಂತವು, ಟಪಟಪ ಅಂಟಿಕೊಂಡವು. ನಾನು ಪೇಪರಿನಿಂದ ತಲೆ ಎತ್ತದೆ, ‘ಸಜಾತೀಯ ಆವೇಶಗಳು ವಿಕರ್ಷಿಸುತ್ತವೆ, ವಿಜಾತೀಯ ಆವೇಶಗಳು ಆಕರ್ಷಿಸುತ್ತವೆ’ ಅಂದೆ. ಅಂದರೆ ಒಂದೇ ಜಾತಿಯ ಚಾರ್ಜುಗಳು ಒಂದನ್ನೊಂದು ತಳ್ಳುತ್ತವೆ, ಬೇರೆ ಜಾತಿಯವು ಎಳೆಯುತ್ತವೆ. ಮೂವತ್ತು ವರ್ಷದ ಹಿಂದಿನ ಬಾಯಿಪಾಠ, ಒಂದಕ್ಷರ ಮರೆತಿಲ್ಲ ಅಂತ ಖುಷಿ ಬೇರೆ. ಆಗಲೇ ಅವಳು ಕೇಳಿದ್ದು.

ಹಣಿಗೆ ಸರಿ. ಉಜ್ಜಿದಾಗ ಕೂದಲಿನ ಎಲೆಕ್ಟ್ರಾನುಗಳು ಅದಕ್ಕೆ ಹೋದವು, ಋಣ ಆವೇಶ ಬಂತು. ಕಾಗದವನ್ನು ಯಾರು ಉಜ್ಜಿದರು?

‘ಸಾಲ್ಯಾಗ ಕೇಳಬೇಕಿಲ್ಲೋ’ ಅಂದೆ.

‘ಕೇಳಿದೆ. ಅದು ಪರೀಕ್ಷಾಕ್ಕ ಬರಂಗಿಲ್ಲ, ಕೂಡು ಅಂದ್ರು.’

ಕ್ಲಾಸು ತುಂಬ ಮಕ್ಕಳು, ಸಿಲಬಸ್ ಬೇರೆ ಮುಗಿಸಬೇಕು, ಪಾಪ ಅವರಾದರೂ ಏನು ಮಾಡ್ತಾರೆ ಅಂದುಕೊಂಡೆ. ಆಮೇಲೆ ಸಿಟ್ಟೂ ಬಂತು. ‘ನಾಳೆ ನೋಡಿ ಹೇಳ್ತೀನಿ’ ಅನ್ನೋಕೆ ಎಷ್ಟು ಹೊತ್ತು ಬೇಕು? ಆದರೆ ನಾನು ಮಾಡಿದ್ದಾದರೂ ಏನು? ಪೇಪರಿನ ಹಾಳೆ ತಿರುವಿದೆ. ಪಿಯುಸಿಯಲ್ಲಿ ಫಿಸಿಕ್ಸಿಗೆ ತೊಂಬತ್ತರ ಮೇಲೆ ತೆಗೆದವನು ನಾನು. ಫ್ರೆಂಚ್ ವಿಜ್ಞಾನಿ ಕೂಲಂಬ್ 1785ರಲ್ಲಿ ಅಳೆದು ತೋರಿಸಿದ ನಿಯಮ, ಎರಡು ಚಾರ್ಜುಗಳ ನಡುವಿನ ದೂರ ಎರಡು ಪಟ್ಟಾದರೆ ಬಲ ನಾಲ್ಕನೇ ಒಂದು ಭಾಗ ಆಗುತ್ತೆ ಅನ್ನೋದು, ಅದರ ಮೇಲೆ ಡಜನ್ನುಗಟ್ಟಲೆ ಲೆಕ್ಕ ಮಾಡಿದ್ದೆ. ಕಾಗದದ ಚೂರಿಗೂ ಅದಕ್ಕೂ ಸಂಬಂಧ ಇದೆ ಅಂತ ಒಮ್ಮೆಯೂ ಹೊಳೆದಿರಲಿಲ್ಲ.

ರಾತ್ರಿ ನಿದ್ದೆ ಬರಲಿಲ್ಲ. ಕೊನೆಗೆ ದಾರಿ ಸಿಕ್ಕಿದ್ದು ನನ್ನ ಬ್ಯಾಂಕಿನ ಭಾಷೆಯಲ್ಲಿ. ಖಾತೆಯ ಬಾಕಿ ಸೊನ್ನೆ ಅಂದರೆ ಅದರಲ್ಲಿ ವ್ಯವಹಾರವೇ ಇಲ್ಲ ಅಂತಲ್ಲ, ಜಮಾ-ಖರ್ಚು ಸಮ ಅಂತ. ಕಾಗದದಲ್ಲೂ ಧನ, ಋಣ ಎರಡೂ ಇವೆ, ಸಮ ಇವೆ. ಹಣಿಗೆ ಹತ್ತಿರ ಬಂದಾಗ ಕಾಗದದ ಒಂದೊಂದು ಅಣುವಿನಲ್ಲೂ ಎಲೆಕ್ಟ್ರಾನುಗಳು ಚೂರೇ ಚೂರು ಆಚೆ ಸರಿಯುತ್ತವೆ. ಹಣಿಗೆಯ ಕಡೆಗೆ ಧನದ ಮಗ್ಗುಲು, ಆಚೆಗೆ ಋಣದ ಮಗ್ಗುಲು. ಹತ್ತಿರದ್ದರ ಎಳೆತ ಜಾಸ್ತಿ, ದೂರದ್ದರ ತಳ್ಳಾಟ ಕಡಿಮೆ. ವ್ಯತ್ಯಾಸ ತೀರಾ ಸಣ್ಣದು. ಆದರೆ ಕಾಗದದ ಚೂರಾದರೂ ಎಷ್ಟು ಭಾರ ಇದ್ದೀತು?

ನಿನ್ನೆ ಸಂಜೆ ಇಷ್ಟನ್ನೂ ಹೇಳಿದೆ. ಅವಳು ‘ಹೂಂ’ ಅಂದಳು, ಅಷ್ಟೆ. ಹೊಗಳಿಕೆ ಕಾಯುತ್ತಿದ್ದ ನನಗೆ ಸ್ವಲ್ಪ ಬೇಜಾರೇ ಆಯಿತು. ಆಗಲೇ ಹಣಿಗೆಗೆ ಅಂಟಿದ್ದ ಒಂದು ಚೂರು ಚಿಟ್ಟನೆ ಸಿಡಿದು ದೂರ ಬಿತ್ತು.

‘ಇದ್ಯಾಕ ಓಡಿತು?’

ಈ ಸಲ ಜಾಣನಾದೆ. ‘ನೀನ ಹೇಳು.’

ಚೂರನ್ನೇ ನೋಡುತ್ತಾ ಕೂತಳು. ‘ಹಣಗಿ ಚಾರ್ಜ್ ಇದಕ್ಕೂ ಹತ್ತಿರಬೇಕು. ಈಗ ಇಬ್ಬರದೂ ಋಣಾನ. ಅದಕ್ಕ ಜಗಳ.’

ಅಷ್ಟು ಹೊತ್ತು ಸುಮ್ನೆ ನೋಡುತ್ತಿದ್ದ ಅವ್ವ ಹಣಿಗೆ ಇಸಿದುಕೊಂಡು, ಎಣ್ಣೆ ಹಚ್ಚಿದ ತನ್ನ ತಲೆ ಬಾಚಿ ಚೂರುಗಳ ಮೇಲೆ ಹಿಡಿದಳು. ಒಂದೂ ಅಲುಗಲಿಲ್ಲ. ‘ನನ್ನ ತಲ್ಯಾಗ ಏನೂ ಇಲ್ಲ ಬಿಡವಾ’ ಅಂತ ನಕ್ಕಳು.

ಹುಡುಗಿ ನಗಲಿಲ್ಲ. ಹಣಿಗೆಯ ಹಲ್ಲುಗಳ ನಡುವಿನ ಎಣ್ಣೆಯನ್ನು ಉಗುರಿನಿಂದ ಕೆರೆದು ನೋಡುತ್ತಿದ್ದಳು.