ನ್ಯೂಯಾರ್ಕಿನ ಆಪೆರಾದಲ್ಲಿ ಕೇಳಿದ ಭಗವದ್ಗೀತೆ

ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಆಪೆರಾದಲ್ಲಿ ಮೂರು ಗಂಟೆಗೂ ಜಾಸ್ತಿ ನಡೆಯುವ ಒಂದು ಆಟ ಆಡಿದ್ದರು, ಅದರಲ್ಲಿ ಮೊದಲಿಂದ ಕೊನೆಯವರೆಗೆ ಹಾಡುವುದು ಸಂಸ್ಕೃತದಲ್ಲಿ ಅಂತ ಊರಿಗೆ ಫೋನ್ ಮಾಡಿದಾಗ ಹೇಳಿದರೆ ಯಾರೂ ಸುಲಭಕ್ಕೆ ನಂಬುವುದಿಲ್ಲ. ಆಪೆರಾ ಅಂದರೆ ಮಾತೆಲ್ಲ ಹಾಡಾಗಿರುವ ನಾಟಕ. ಇದರ ಹೆಸರು 'ಸತ್ಯಾಗ್ರಹ'. ಬರೆದವರು ಅಮೆರಿಕದ ಸಂಗೀತಕಾರ ಫಿಲಿಪ್ ಗ್ಲಾಸ್. ದಕ್ಷಿಣ ಆಫ್ರಿಕಾದಲ್ಲಿದ್ದಾಗಿನ ಗಾಂಧೀಜಿಯ ಕಥೆ ಅದು. ಹಾಡುವ ಮಾತೆಲ್ಲ ಭಗವದ್ಗೀತೆಯದು. 2011ರ ನವೆಂಬರಿನಲ್ಲಿ ನಾನು ಅದನ್ನು ನೋಡಿದೆ. ಅಂದಿನಿಂದ ಗ್ಲಾಸ್ ಅವರ ಸಂಗೀತವನ್ನು ಬಿಟ್ಟಿಲ್ಲ.

ಈ ಮನುಷ್ಯನ ಬಗ್ಗೆ ನಮ್ಮವರಿಗೆ ಹೇಳಬೇಕು ಅಂತ ತುಂಬಾ ದಿನದಿಂದ ಅನ್ನಿಸುತ್ತಿತ್ತು. ಇಲ್ಲಿ ಅಮೆರಿಕದಲ್ಲಿ ಅವರ ಹೆಸರು ಹೇಳಿದರೆ ಕೆಲವರು ಕೈಮುಗಿಯುತ್ತಾರೆ, ಕೆಲವರು "ಅಯ್ಯೋ, ಹೇಳಿದ್ದನ್ನೇ ಹೇಳುವವರು" ಅನ್ನುತ್ತಾರೆ. ಮೇಲಿಂದ ಕೇಳಿದರೆ ಆ ದೂರು ನಿಜ ಅನ್ನಿಸುತ್ತದೆ. ನಾಲ್ಕೈದು ಸ್ವರ, ಅದೇ ಮತ್ತೆ ಮತ್ತೆ. ಆದರೆ ತಾಳ ಹಾಕುವ ಅಭ್ಯಾಸ ಇರುವ ಕಿವಿಗೆ ಅಲ್ಲಿ ಬೇರೇನೋ ನಡೆಯುತ್ತಿರುವುದು ಗೊತ್ತಾಗುತ್ತದೆ. ನಮ್ಮವರು ಈ ಸಂಗೀತ ಕೇಳಬೇಕು ಅನ್ನುವುದಕ್ಕೆ ನನಗಿರುವ ಕಾರಣ ಅದೇ.

ಗ್ಲಾಸ್ ಹುಟ್ಟಿದ್ದು 1937ರಲ್ಲಿ, ಬಾಲ್ಟಿಮೋರ್ ಊರಿನಲ್ಲಿ. ಅಪ್ಪನದು ರೇಡಿಯೊ ರಿಪೇರಿ ಮಾಡುವ, ರೆಕಾರ್ಡ್ ಮಾರುವ ಅಂಗಡಿ. ಮಾರಾಟವಾಗದೆ ಉಳಿದ ರೆಕಾರ್ಡುಗಳನ್ನು ಅಪ್ಪ ಮನೆಗೆ ತರುತ್ತಿದ್ದರಂತೆ. ಜನ ಇದನ್ನು ಯಾಕೆ ಕೊಳ್ಳುತ್ತಿಲ್ಲ, ಇದರಲ್ಲಿ ಏನು ಕೊರತೆ ಅಂತ ಕೂತು ಕೇಳುವುದಕ್ಕೆ. ಕೇಳುತ್ತಾ ಕೇಳುತ್ತಾ ಅವರಿಗೇ ಅದರ ರುಚಿ ಹತ್ತಿತು. ಬೀತೋವನ್, ಶೂಬರ್ಟ್, ಶೊಸ್ತಕೋವಿಚ್ ಅಂಥ ಯುರೋಪಿನ ದೊಡ್ಡ ಸಂಗೀತಕಾರರೆಲ್ಲ ಹುಡುಗನ ಕಿವಿಗೆ ಬಿದ್ದಿದ್ದು ಹೀಗೆ, ಯಾರಿಗೂ ಬೇಡವಾದ ರೆಕಾರ್ಡುಗಳಿಂದ. ಹದಿನೈದಕ್ಕೆ ಷಿಕಾಗೊ ವಿಶ್ವವಿದ್ಯಾಲಯ ಸೇರಿ ಗಣಿತ, ತತ್ವಶಾಸ್ತ್ರ ಓದಿದರು. ಆಮೇಲೆ ಸಂಗೀತ ಕಲಿಯಲು ನ್ಯೂಯಾರ್ಕಿನ ಜೂಲಿಯಾರ್ಡ್ ಶಾಲೆ. ಅದರ ಖರ್ಚಿಗೆ ದುಡ್ಡು ಕೂಡಿಸಲು ಉಕ್ಕಿನ ಕಾರ್ಖಾನೆಯಲ್ಲಿ ಕ್ರೇನ್ ನಡೆಸಿದರು.

1964ರಲ್ಲಿ ಪ್ಯಾರಿಸ್ಸಿಗೆ ಹೋದರು. ಅಲ್ಲಿ ನಾದಿಯಾ ಬೂಲಾಂಜೆ ಅನ್ನುವ ಗುರು. ಬಹಳ ಕಟ್ಟುನಿಟ್ಟಿನ ಹೆಂಗಸು. ಜೂಲಿಯಾರ್ಡ್ ಮುಗಿಸಿ ಬಂದವರನ್ನು ಮತ್ತೆ ಮೊದಲ ಪಾಠದಿಂದ ಕೂರಿಸಿದರು. ಆ ದಿನಗಳಲ್ಲೇ ಒಂದು ಸಿನಿಮಾಕ್ಕೆ ಸಂಗೀತ ಮಾಡಲು ಪಂಡಿತ್ ರವಿಶಂಕರ್ ಪ್ಯಾರಿಸ್ಸಿಗೆ ಬಂದಿದ್ದರು, ಜೊತೆಗೆ ತಬಲಾದ ಅಲ್ಲಾ ರಖಾ. ರವಿಶಂಕರ್ ಹಾಡಿ ತೋರಿಸಿದ್ದನ್ನು ಫ್ರೆಂಚ್ ವಾದ್ಯಗಾರರು ಓದಿ ನುಡಿಸುವ ಹಾಗೆ ಬರೆದುಕೊಡುವ ಕೆಲಸ ಗ್ಲಾಸ್‌ಗೆ ಸಿಕ್ಕಿತು.

ಬರೆದರು, ವಾದ್ಯಗಾರರು ನುಡಿಸಿದರು. ಸರಿ ಬರಲಿಲ್ಲ. ಗ್ಲಾಸ್ ಪಾಶ್ಚಾತ್ಯ ಪದ್ಧತಿಯಂತೆ ಸ್ವರಗಳ ನಡುವೆ ಅಡ್ಡಗೆರೆ ಎಳೆದು ಭಾಗ ಮಾಡಿದ್ದರು. ಗೆರೆ ಬಿದ್ದ ಕಡೆ ನುಡಿಸುವವರು ಸಹಜವಾಗಿ ಒತ್ತು ಕೊಡುತ್ತಾರೆ. ಬೇಡದ ಕಡೆ ಒತ್ತು ಬೀಳುತ್ತಿತ್ತು. ಎಲ್ಲಾ ಸ್ವರವೂ ಸಮ, ಸಮ ಅಂತ ಅಲ್ಲಾ ರಖಾ ಮತ್ತೆ ಮತ್ತೆ ಹೇಳುತ್ತಿದ್ದರಂತೆ. ಗ್ಲಾಸ್ ಗೆರೆಗಳನ್ನೆಲ್ಲ ಅಳಿಸಿ ಹಾಕಿದರು. ಆಗ ಕಾಣಿಸಿದ್ದು ಎರಡರ ಗುಂಪು, ಮೂರರ ಗುಂಪು, ಅವು ಸೇರಿ ಆಗುವ ದೊಡ್ಡ ಆವರ್ತ. ನಮಗೆ ಇದು ತಕ, ತಕಿಟ. ಮೃದಂಗದ ಪಾಠಕ್ಕೆ ಹೋಗುವ ಮಕ್ಕಳಿಗೂ ಗೊತ್ತಿರುವ ವಿಷಯ. ಗ್ಲಾಸ್‌ಗೆ ಅದು ಜೀವನದ ದಾರಿಯನ್ನೇ ಬದಲಿಸಿತು. ತಾಳವನ್ನು ದೊಡ್ಡದರಿಂದ ಭಾಗಿಸಿ ಪಡೆಯುವ ಬದಲು ಸಣ್ಣದರಿಂದ ಕೂಡಿಸಿ ಕಟ್ಟಬಹುದು ಅಂತ ಅವರು ಕಂಡುಕೊಂಡರು.

1968ರ ಸುಮಾರಿಗೆ ಅವರು ಬರೆದ 'ಟು ಪೇಜಸ್' ಅನ್ನುವ ಕೃತಿ ಇದೆ. ಇರುವುದು ಐದೇ ಸ್ವರ. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ ಪ ಸ ರಿ ಗ ಮ. ಮೊದಲು ಐದನ್ನೂ ಮತ್ತೆ ಮತ್ತೆ ನುಡಿಸುತ್ತಾರೆ. ಆಮೇಲೆ ಐದರ ಬೆನ್ನಿಗೆ ನಾಲ್ಕು: ಪಸರಿಗಮ ಪಸರಿಗ. ಆಮೇಲೆ ಅದಕ್ಕೆ ಮೂರು: ಪಸರಿಗಮ ಪಸರಿಗ ಪಸರಿ. ಕೊನೆಗೆ ಎರಡು. ಕರ್ನಾಟಕ ಸಂಗೀತ ಕಲಿತವರಿಗೆ ಇದನ್ನು ನೋಡಿದ ಕೂಡಲೇ ಗೋಪುಚ್ಛ ಯತಿ, ಅಂದರೆ ಹಸುವಿನ ಬಾಲದ ಹಾಗೆ ಬರಬರುತ್ತಾ ಸಣ್ಣದಾಗುವ ಜೋಡಣೆ, ನೆನಪಾಗುತ್ತದೆ, ಅಲ್ವಾ? ಅವರು ನಮ್ಮ ಯತಿಯನ್ನು ನೋಡಿ ಬರೆದರು ಅಂತ ನಾನು ಹೇಳುತ್ತಿಲ್ಲ. ಕೂಡಿಸುವ ದಾರಿಯಲ್ಲಿ ಹೋದವರು ತಾವಾಗಿಯೇ ಅಲ್ಲಿಗೆ ತಲುಪಿದ್ದಾರೆ, ಅದೇ ನನಗೆ ಸಂತೋಷ. ನಾವಿರುವ ನ್ಯೂಜೆರ್ಸಿಯಲ್ಲಿ ವಾರಾಂತ್ಯ ಬಂದರೆ ಮೃದಂಗ, ಭರತನಾಟ್ಯದ ಪಾಠಗಳ ಭರಾಟೆ. ನನ್ನ ಮಗಳೂ ಮೃದಂಗ ಕಲಿಯುತ್ತಾಳೆ. ಈ ಐದು ಸ್ವರಗಳ ಆಟವನ್ನು ಕನ್ನಡದಲ್ಲಿ ಬರೆದು ಕೊಟ್ಟೆ. ಒಂದು ಸಂಜೆಯಲ್ಲಿ ಬಾಯಿಪಾಠ ಮಾಡಿ ಕೈಯಲ್ಲಿ ತಾಳ ಹಾಕಿ ಹೇಳಿಬಿಟ್ಟಳು. ರೆಕಾರ್ಡು ಹಾಕಿದಾಗ ಎಲ್ಲಿ ಸ್ವರ ಕಡಿಮೆಯಾಯಿತು, ಎಲ್ಲಿ ಸೇರಿತು ಅಂತ ನನಗಿಂತ ಮೊದಲು ಅವಳೇ ಹೇಳುತ್ತಿದ್ದಳು.

ಆಗ ಈ ಸಂಗೀತ ಕೇಳಲು ಜನ ಎಲ್ಲಿದ್ದರು? 1967ರಲ್ಲಿ ನ್ಯೂಯಾರ್ಕಿಗೆ ಮರಳಿದ ಗ್ಲಾಸ್ ತಮ್ಮದೇ ಸಣ್ಣ ವಾದ್ಯವೃಂದ ಕಟ್ಟಿಕೊಂಡು ಚಿತ್ರಕಾರರ ಮನೆಗಳಲ್ಲಿ, ಗ್ಯಾಲರಿಗಳಲ್ಲಿ ನುಡಿಸುತ್ತಿದ್ದರು. ಹೊಟ್ಟೆಪಾಡಿಗೆ ಬೇರೆ ಕೆಲಸ. ಮನೆ ಸಾಮಾನು ಸಾಗಿಸಿದರು. ಆ ಕೆಲಸದಲ್ಲಿ ಅವರ ಜೊತೆಗಿದ್ದವರು ಇನ್ನೊಬ್ಬ ದೊಡ್ಡ ಸಂಗೀತಗಾರ ಸ್ಟೀವ್ ರೈಶ್. ನಲ್ಲಿ, ಪೈಪು ಜೋಡಿಸಿದರು. ಟ್ಯಾಕ್ಸಿ ಓಡಿಸಿದರು. ಒಮ್ಮೆ ಒಂದು ಮನೆಯಲ್ಲಿ ಪಾತ್ರೆ ತೊಳೆಯುವ ಮೆಷಿನ್ ಕೂರಿಸುತ್ತಿದ್ದಾಗ ಮನೆಯ ಯಜಮಾನ ಬಂದು ನೋಡಿ ಬೆಚ್ಚಿಬಿದ್ದರು. ಅವರು 'ಟೈಮ್' ಪತ್ರಿಕೆಯ ಕಲಾ ವಿಮರ್ಶಕ ರಾಬರ್ಟ್ ಹ್ಯೂಸ್. ನೀವು ಕಲಾವಿದರು, ಇದೇನು ಮಾಡುತ್ತಿದ್ದೀರಿ ಅಂತ ಕೇಳಿದರು. ಕಲಾವಿದನೂ ಹೌದು, ಆಗಾಗ ಪ್ಲಂಬರ್ ಕೂಡ ಹೌದು, ಕೆಲಸ ಮುಗಿಸಲು ಬಿಡಿ ಅಂತ ಗ್ಲಾಸ್ ಹೇಳಿದರು.

1976ರಲ್ಲಿ 'ಐನ್‌ಸ್ಟೈನ್ ಆನ್ ದ ಬೀಚ್' ಬಂತು, ನಾಟಕಕಾರ ರಾಬರ್ಟ್ ವಿಲ್ಸನ್ ಜೊತೆ ಮಾಡಿದ್ದು. ಮೆಟ್ರೊಪಾಲಿಟನ್ ಆಪೆರಾದಲ್ಲಿ ಎರಡು ಪ್ರದರ್ಶನ. ಟಿಕೆಟ್ ಪೂರ್ತಿ ಮಾರಾಟವಾಯಿತು. ಆದರೂ ಕೈಗೆ ಉಳಿದಿದ್ದು ಸಾಲ. ಅಷ್ಟು ಹೆಸರು ಬಂದ ಮೇಲೂ ಗ್ಲಾಸ್ ಮತ್ತೆ ಟ್ಯಾಕ್ಸಿಯ ಸ್ಟೀರಿಂಗ್ ಹಿಡಿದರು. ಸಂಗೀತದಿಂದಲೇ ಜೀವನ ಸಾಗಿದ್ದು 41 ದಾಟಿದ ಮೇಲೆ. ಅದಕ್ಕೆ ದಾರಿ ಮಾಡಿಕೊಟ್ಟ ಕೆಲಸಗಳಲ್ಲಿ ದೊಡ್ಡದು ಡಚ್ಚರು ಒಪ್ಪಿಸಿದ 'ಸತ್ಯಾಗ್ರಹ'. ಆಮೇಲಿನದು ಜನರಿಗೆ ಹೆಚ್ಚು ಗೊತ್ತು: 'ಕೊಯಾನಿಸ್ಕಾಟ್ಸಿ', 'ಕುಂದುನ್', 'ದ ಅವರ್ಸ್' ಸಿನಿಮಾಗಳ ಸಂಗೀತ, ಸಿಂಫನಿಗಳು, ರವಿಶಂಕರ್ ಜೊತೆ 1990ರಲ್ಲಿ ಮಾಡಿದ 'ಪ್ಯಾಸೇಜಸ್' ಆಲ್ಬಮ್.

ಗ್ಲಾಸ್ ತಲೆಯೊಳಗೆ ಗಾಂಧಿ ಕೂತಿದ್ದು ಇನ್ನೂ ಮೊದಲು. ಭಾರತಕ್ಕೆ ಹಲವು ಸಲ ಬಂದಿದ್ದರು. ಕಾಲಿಂಪಾಂಗ್‌ನಲ್ಲಿ ಒಮ್ಮೆ ಉಪ್ಪಿನ ಸತ್ಯಾಗ್ರಹದ ಹಳೆಯ ಫಿಲ್ಮ್ ನೋಡಿದರಂತೆ. ಆಪೆರಾ ಮೊದಲು ರಂಗಕ್ಕೆ ಬಂದಿದ್ದು 1980ರ ಸೆಪ್ಟೆಂಬರಿನಲ್ಲಿ, ಹಾಲೆಂಡಿನ ರಾಟರ್‌ಡ್ಯಾಮ್‌ನಲ್ಲಿ. ಗೀತೆಯಿಂದ ಸಾಲು ಆರಿಸಿ ಕೊಟ್ಟವರು ಲೇಖಕಿ ಕಾನ್‌ಸ್ಟನ್ಸ್ ಡಿಜಾಂಗ್. ಮೂರು ಅಂಕ. ಒಂದಕ್ಕೆ ಟಾಲ್‌ಸ್ಟಾಯ್, ಒಂದಕ್ಕೆ ಟಾಗೋರ್, ಒಂದಕ್ಕೆ ಮಾರ್ಟಿನ್ ಲೂಥರ್ ಕಿಂಗ್ ಹೆಸರು. ವಾದ್ಯವೃಂದದಲ್ಲಿ ತಂತಿ ವಾದ್ಯ, ಕೊಳಲಿನ ಜಾತಿಯವು ಮತ್ತು ಒಂದು ಆರ್ಗನ್ ಮಾತ್ರ. ಕಹಳೆ ಇಲ್ಲ, ಡೋಲು ಇಲ್ಲ.

ನಾನು ಕೂತಿದ್ದು ಎಲ್ಲಕ್ಕಿಂತ ಮೇಲಿನ ಫ್ಯಾಮಿಲಿ ಸರ್ಕಲ್‌ನಲ್ಲಿ. ಟಿಕೆಟ್ ಅಗ್ಗ. ಮುಖಗಳು ಕಾಣುವುದಿಲ್ಲ, ಧ್ವನಿ ಮಾತ್ರ ಚೆನ್ನಾಗಿ ಮೇಲೇರಿ ಬರುತ್ತದೆ. ಗಾಂಧಿಯ ಮೊದಲ ಸಾಲು 'ಯೋತ್ಸ್ಯಮಾನಾನವೇಕ್ಷೇಽಹಂ', ಯುದ್ಧಕ್ಕೆ ನಿಂತವರನ್ನು ನೋಡುವ ಮಾತು. ಶ್ಲೋಕದ ಓಟದಲ್ಲಿ ಕೇಳಿ ಅಭ್ಯಾಸವಾದ ಮಾತನ್ನು ಅವರು ಅಕ್ಷರ ಅಕ್ಷರವಾಗಿ ಹಿಗ್ಗಿಸುತ್ತಾರೆ. ಡರ್ಬಾನ್‌ನಲ್ಲಿ ಬಿಳಿಯರ ಗುಂಪು ಗಾಂಧಿಯ ಮೇಲೆ ಬೀಳುವ ದೃಶ್ಯ ಇದೆ. ಗುಂಪು ಹ ಹ ಹ ಅಂತ ತಾಳಕ್ಕೆ ಸರಿಯಾಗಿ ನಗುತ್ತದೆ. ಮೈ ನಡುಗುತ್ತದೆ. ಪೊಲೀಸ್ ಅಧಿಕಾರಿಯ ಹೆಂಡತಿ ಮಿಸೆಸ್ ಅಲೆಕ್ಸಾಂಡರ್ ಕೊಡೆ ಹಿಡಿದು ಬಂದು ಅವರನ್ನು ಕಾಪಾಡುತ್ತಾಳೆ. ಇದು ನಿಜವಾಗಿ ನಡೆದ ಘಟನೆ. ಅವಳ ಬಾಯಲ್ಲಿ ಗೀತೆಯ 16ನೇ ಅಧ್ಯಾಯ, ಅಸುರ ಸ್ವಭಾವದವರ ಬಗ್ಗೆ ಹೇಳುವ ಭಾಗ. ಅಷ್ಟು ಸರಿಯಾದ ಜಾಗದಲ್ಲಿ ಆ ಮಾತು ಬಂದಿದ್ದನ್ನು ನಾನು ಬೇರೆಲ್ಲೂ ನೋಡಿಲ್ಲ.

ಕೊನೆಯ ಹಾಡಿನಲ್ಲಿ ಗಾಂಧಿ ಒಬ್ಬರೇ. ನಾಲ್ಕನೇ ಅಧ್ಯಾಯದ 'ಬಹೂನಿ ಮೇ ವ್ಯತೀತಾನಿ' ಭಾಗ. ಸ್ವರ ಬರೀ ಆರೋಹಣ. ಕೆಳಗಿನ ಷಡ್ಜದಿಂದ ಮೇಲಿನ ಷಡ್ಜಕ್ಕೆ ಏರಿ, ಮತ್ತೆ ಕೆಳಗಿಂದ ಶುರು. ಸ್ವರಗಳು ನಮ್ಮ ಹನುಮತೋಡಿ ರಾಗದವು, ಹಿಂದೂಸ್ತಾನಿಯಲ್ಲಾದರೆ ಭೈರವಿಯವು. ಗಮಕ ಇಲ್ಲ. ಅವರೋಹಣವೂ ಇಲ್ಲ. ಏರಿದ್ದೇ ಏರಿದ್ದು. ಕೆಳಗೆ ತಂತಿ ವಾದ್ಯಗಳ ಬಣ್ಣ ಮಾತ್ರ ಬದಲಾಗುತ್ತಿರುತ್ತದೆ. ಧಾರವಾಡ, ಹುಬ್ಬಳ್ಳಿ ಕಡೆ ರಾತ್ರಿಯಿಡೀ ಕಚೇರಿ ಕೇಳಿದವರಿಗೆ ಕೊನೆಗೆ ಭೈರವಿ ಬಂದಾಗ ಏನಾಗುತ್ತದೆ ಅಂತ ಹೇಳಬೇಕಿಲ್ಲ. ನನಗೂ ಅದೇ ಆಯಿತು.

ಆ ವರ್ಷ ನ್ಯೂಯಾರ್ಕಿನಲ್ಲಿ ಶ್ರೀಮಂತರು, ಬಡವರ ನಡುವಿನ ಅಂತರದ ವಿರುದ್ಧ ಆಕ್ಯುಪೈ ವಾಲ್‌ಸ್ಟ್ರೀಟ್ ಚಳವಳಿ ನಡೆಯುತ್ತಿತ್ತು. ಡಿಸೆಂಬರ್ 1, ಆಪೆರಾದ ಕೊನೆಯ ಪ್ರದರ್ಶನ. ಹೊರಗೆ ಚಳವಳಿಯವರು ಸೇರಿದ್ದರು, ನಡುವೆ ಪೊಲೀಸರ ತಡೆಗೋಲು. ಒಳಗೆ ಸತ್ಯಾಗ್ರಹ ನೋಡಿ ಹೊರಬಂದ ಪ್ರೇಕ್ಷಕರಲ್ಲಿ ಕೆಲವರು ತಡೆಗೋಲು ದಾಟಿ ಅವರ ಜೊತೆ ನಿಂತರು. ಗ್ಲಾಸ್ ಕೂಡ ಬಂದರು. ಅದೇ ಕೊನೆಯ ಹಾಡಿನ ಸಾಲುಗಳನ್ನು, ಧರ್ಮ ಕುಂದಿದಾಗ ನಾನು ಬರುತ್ತೇನೆ ಅನ್ನುವ ಮಾತನ್ನು, ಇಂಗ್ಲಿಷಿನಲ್ಲಿ ಹೇಳಿದರು. ಮೈಕ್ ಇರಲಿಲ್ಲ. ಒಂದೊಂದು ತುಂಡು ಹೇಳಿದ ಹಾಗೆ ಸುತ್ತ ನಿಂತವರು ಒಟ್ಟಾಗಿ ಕೂಗಿ ಹಿಂದಿನವರಿಗೆ ತಲುಪಿಸಿದರು. ನಾನು ಅಂದು ಅಲ್ಲಿರಲಿಲ್ಲ, ವಿಡಿಯೊದಲ್ಲಿ ನೋಡಿದೆ. ಎಪ್ಪತ್ತು ದಾಟಿದ ಮನುಷ್ಯ ಚಳಿಯಲ್ಲಿ ನಿಂತು ಹೇಳಿದ್ದನ್ನೇ ಮತ್ತೆ ಹೇಳುತ್ತಿದ್ದರು.

ಊರಲ್ಲಿರುವವರು ಕೇಳುವುದಾದರೆ ಸುಮ್ನೆ ಮೊದಲಿಂದ ಮೂರು ಗಂಟೆ ಕೂರಬೇಡಿ. ನ್ಯೂಯಾರ್ಕ್ ಸಿಟಿ ಆಪೆರಾದ 1985ರ ರೆಕಾರ್ಡಿಂಗ್ ಹುಡುಕಿ. ಗಾಂಧಿಯಾಗಿ ಹಾಡಿದವರು ಡಗ್ಲಸ್ ಪೆರಿ. ಅದರ ಕೊನೆಯ ಹಾಡನ್ನು ಮೊದಲು ಕೇಳಿ, ಗೀತೆಯ ನಾಲ್ಕನೇ ಅಧ್ಯಾಯ ಪಕ್ಕದಲ್ಲಿ ತೆರೆದಿಟ್ಟುಕೊಳ್ಳಿ, ಐದನೇ ಶ್ಲೋಕದಿಂದ. ಮನೆಯಲ್ಲಿ ಮೃದಂಗವೋ ತಬಲಾವೋ ಕಲಿಯುವವರಿದ್ದರೆ 'ಟು ಪೇಜಸ್' ಹಾಕಿ, ಲೆಕ್ಕ ಹಿಡಿಯುವ ಕೆಲಸ ಅವರಿಗೆ ಬಿಡಿ.